ಬೆಸುಗೆಯ ಗುಣದೋಷವಿಚಾರ

ಎರಡು ಲೋಹಖಂಡಗಳನ್ನು ಒಂದಾಗಿಸುವ ಕ್ರಿಯೆಗೆ ಕನ್ನಡದಲ್ಲಿ ಬೆಸುಗೆಯೆಂಬ ಹೆಸರು ಸಲ್ಲುತ್ತದೆ. ಬೆಸೆ ಎಂಬ ಧಾತುವಿನಿಂದ ನಿಷ್ಪನ್ನವಾದ ಈ ಶಬ್ದವನ್ನು ಕಮ್ಮಾರರು ಕಬ್ಬಿಣಕ್ಕೂ ಕವಿಗಳು ಮನಸ್ಸಿಗೂ ಸಮನಾಗಿ ಬಳಸಿರುವರು. ಕೂಡಿದ ಮೇಲೆ ಕೂಡಿದ ಗುರುತು ಉಳಿಯಬಾರದೆಂಬ ಅಭಿಪ್ರಾಯವು ಎರಡು ಪ್ರಯೋಗಗಳಲ್ಲಿಯೂ ಅಡಗಿರುವುದು.

ಆಲಂಕಾರಿಕರು ಸಂಸೃಷ್ಟಿಗೂ ಸಂಕರಕ್ಕೂ ಇರುವ ಭೇದವನ್ನು ತೋರಿಸಲು ತಿಲತಂಡುಲನ್ಯಾಯವನ್ನೂ ನೀರಕ್ಷೀರನ್ಯಾಯವನ್ನೂ ಉದಾಹರಿಸುವುದು ವಾಚಕರಿಗೆ ವಿದಿತವೇ ಆಗಿದೆ. ಎಳ್ಳೂ ಅಕ್ಕಿಯೂ ಬೆರೆತರೆ ಬೇರೆಬೇರೆಯಾಗಿಯೇ ಕಾಣುವುವು. ಹಾಲೂ ನೀರೂ ಬೆರೆತರೆ ಒಂದೇ ಆಗಿ ತೋರುವುವು. ಉಕ್ಕಿನ ಕಟ್ಟಡಗಳಲ್ಲಿ ತೊಲೆಯನ್ನು ಕಂಬಕ್ಕೆ ಸೇರಿಸುವ ಎರಡು ವಿಧಾನಗಳಿಗೂ ಇದೇ ಅಂತರವಿದೆ. ರಂಧ್ರ ಕೊರೆದು, ಕಾಯಿಸಿದ ರಿವೆಟ್ಟನ್ನು ತೂರಿಸಿ, ತಲೆಕಟ್ಟಿ ಬಡಿದರೆ ಎರಡು ತಗಡುಗಳು ಬಿಗಿಯಾಗಿ ಸೇರುವುವೇ ಹೊರತು ಒಂದಾಗುವುದಿಲ್ಲ. ಸಡಿಲವಾದ ರಿವೆಟ್ಟನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಅದರ ದನಿಯಿಂದಲೇ ಕಂಡುಹಿಡಿಯಬಹುದು. ಬೆಸೆದ ಕಡೆಯಲ್ಲಾದರೋ ಎರಡು ಲೋಹಗಳೂ ಒಂದೇ ಶರೀರವಾಗುವುವು. ಗುಣವಿರುವುದು ಅಲ್ಲಿಯೇ, ದೋಷಕ್ಕೆ ಅವಕಾಶವಿರುವುದೂ ಅಲ್ಲಿಯೇ. ಹೊರಗೆ ನಯವಾಗಿ ತೋರುವ ಬೆಸುಗೆಯ ಗರ್ಭದಲ್ಲಿ ಬಿರುಕಿದ್ದರೆ ಕಣ್ಣು ಅದನ್ನು ಕಾಣಲಾರದು.

ಈ ಒಳದೋಷವನ್ನು ಮನುಷ್ಯರು ಹೇಗೆ ತಿಳಿದುಕೊಂಡರು, ಎಷ್ಟು ಬೆಲೆ ತೆತ್ತು ತಿಳಿದುಕೊಂಡರು ಎಂಬುದೇ ಪ್ರಕೃತ ವಿಚಾರ. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸಂಧಿಯು ಮುರಿದಾಗಲೆಲ್ಲ ಮೊದಲು ಅಪವಾದವನ್ನು ಹೊತ್ತವನು ಬೆಸೆದ ಕೆಲಸಗಾರನು. ವಿಚಾರಣೆಯು ಮುಂದುವರಿದಂತೆ ಲೋಹವನ್ನು ಎರಕ ಹೊಯ್ದವರೂ, ಸಂಧಿಯ ಆಕಾರವನ್ನು ಕಲ್ಪಿಸಿದವರೂ, ನೋಡಬೇಕಾದಲ್ಲಿ ನೋಡದೆ ಬಿಟ್ಟವರೂ ದೋಷದಲ್ಲಿ ಪಾಲುಗಾರರೆಂದು ಪದೇಪದೇ ಸಿದ್ಧವಾಯಿತು.

ಲೋಹಸಂಧಾನದ ಮಾತು ನಮ್ಮ ಪ್ರಾಚೀನ ವಾಙ್ಮಯಕ್ಕೆ ಹೊಸದಲ್ಲ. ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಜ್ಞಕ್ಕೆ ಒದಗಿದ ಲೋಪವನ್ನು ವ್ಯಾಹೃತಿಗಳಿಂದ ಸರಿಪಡಿಸುವ ಪ್ರಸಂಗವಿದೆ. ಅಲ್ಲಿ ದೃಷ್ಟಾಂತವಾಗಿ ಬರುವುದು ಒಂದು ಲೋಹವನ್ನು ಮತ್ತೊಂದರಿಂದ ಕೂಡಿಸುವ ಕಸುಬೇ. ಚಿನ್ನವನ್ನು ಕೂಡಿಸಲು ಹೇಳಿರುವ ಲವಣವೆಂಬುದನ್ನು ಭಾಷ್ಯಕಾರರು ಟಂಕಣವೇ ಮೊದಲಾದ ಕ್ಷಾರವೆಂದು ವಿವರಿಸಿರುವರು. ಟಂಕಣವೆಂದರೆ ನಮ್ಮ ಅಕ್ಕಸಾಲಿಗರು ಇಂದಿಗೂ ಬಳಸುವ ಬಿಳಿಗಾರ. ಕಾದ ಲೋಹದ ಮೇಲೆ ಕಟ್ಟುವ ಮಲಿನವನ್ನು ಕರಗಿಸಿ, ಗಾಳಿಯು ಸೋಕದಂತೆ ಮುಚ್ಚಿ, ಶುದ್ಧ ಲೋಹವು ಶುದ್ಧ ಲೋಹವನ್ನು ಮುಟ್ಟುವಂತೆ ಮಾಡುವುದೇ ಅದರ ಕೆಲಸ. ಬೆಸುಗೆಯ ವಿದ್ಯೆಯು ಎಷ್ಟು ಬೆಳೆದರೂ ಈ ತತ್ತ್ವವು ಬದಲಾಗಿಲ್ಲವೆಂಬುದು ಮುಂದೆ ಕಾಣುವುದು.

ಕಮ್ಮಾರನ ಬೆಸುಗೆಯಲ್ಲಿ ಕಬ್ಬಿಣವು ಕರಗುವುದಿಲ್ಲ. ಕುಲುಮೆಯಲ್ಲಿ ತಿದಿಯೊತ್ತಿ ಎರಡು ತುದಿಗಳನ್ನೂ ಬೆಳ್ಳಗೆ ಕಿಡಿಯೇಳುವವರೆಗೆ ಕಾಯಿಸಿ, ಮರಳನ್ನೋ ಬಿಳಿಗಾರವನ್ನೋ ಎರಚಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದನ್ನಿಟ್ಟು ಬಡಿಯುವನು. ಮರಳು ಕಬ್ಬಿಣದ ಕಿಟ್ಟದೊಡನೆ ಕೂಡಿ ದ್ರವವಾಗಿ, ಪೆಟ್ಟಿಗೆ ಸಿಕ್ಕಿ ಹೊರಕ್ಕೆ ಚಿಮ್ಮುವುದು. ಕಾವು ಸಾಲದಿದ್ದರೆ ಅಥವಾ ಪೆಟ್ಟು ತಡವಾದರೆ ಕಿಟ್ಟವು ಒಳಗೆ ಉಳಿಯುವುದು. ಹೊರಮೈ ಕೂಡಿರುವುದು, ಒಳಗೆ ಕೂಡಿರುವುದಿಲ್ಲ. ಬೆಸುಗೆಯ ದೋಷಗಳಲ್ಲಿ ಇದೇ ಆದಿದೋಷ.

ಈ ವಿಧಾನದಿಂದ ಭಾರತದ ಕಮ್ಮಾರರು ಸಾಧಿಸಿದ್ದು ಅಲ್ಪವಲ್ಲ. ದೆಹಲಿಯ ಲೋಹಸ್ತಂಭವು ಗುಪ್ತರ ಕಾಲದ್ದು, ಎಂದರೆ ಸುಮಾರು ೧೬೦೦ ವರ್ಷ ಹಿಂದಿನದು. ಏಳು ಮೀಟರಿಗೂ ಹೆಚ್ಚು ಉದ್ದವಾಗಿ ಆರು ಟನ್ನಿಗೂ ಹೆಚ್ಚು ತೂಗುವ ಈ ಕಂಬವನ್ನು ಕಬ್ಬಿಣದ ಮುದ್ದೆಗಳನ್ನು ಒಂದೊಂದಾಗಿ ಕಾಯಿಸಿ ಬಡಿದು ಬೆಸೆದು ಬೆಳೆಸಿದರು. ಧಾರಾನಗರದಲ್ಲಿ ಮುರಿದು ಬಿದ್ದಿರುವ ಸ್ತಂಭವು ಇದಕ್ಕಿಂತಲೂ ಉದ್ದವಾದದ್ದು. ಕರ್ಣಾಟಕದಲ್ಲಿಯೂ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಮಲೆನಾಡಿನ ಮಳೆಯಲ್ಲಿ ತೋಯುತ್ತ ನಿಂತಿರುವ ಕಬ್ಬಿಣದ ಕಂಬವು ಇದೇ ಜಾತಿಯದು. ದೆಹಲಿಯ ಕಂಬವು ತುಕ್ಕು ಹಿಡಿಯದಿರುವುದನ್ನು ಕೊಂಡಾಡದವರಿಲ್ಲ; ಅದಕ್ಕೆ ಆ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕವು ಮುಖ್ಯ ಕಾರಣವೆಂದು ಪರೀಕ್ಷಕರು ನಿರ್ಣಯಿಸಿರುವರು. ಆದರೆ ತುಕ್ಕಿನ ಮಾತು ಬೇರೆ, ಸಂಧಿಬಲದ ಮಾತು ಬೇರೆ. ಸ್ತಂಭವು ತನ್ನ ಭಾರವನ್ನು ಮಾತ್ರ ಹೊತ್ತು ನೆಟ್ಟಗೆ ನಿಂತಿರುವುದು. ಅದರ ಬೆಸುಗೆಗಳನ್ನು ಎಳೆಯುವವರಾರೂ ಇಲ್ಲ. ಆದಕಾರಣ ನಮ್ಮವರ ಬೆಸುಗೆಯನ್ನು ಭಾರದಿಂದ ಪರೀಕ್ಷಿಸಬೇಕಾದರೆ ದೆಹಲಿಗಲ್ಲ, ಕೋಣಾರ್ಕಕ್ಕೆ ಹೋಗಬೇಕು.

ಹದಿಮೂರನೆಯ ಶತಮಾನದಲ್ಲಿ ಗಂಗವಂಶದ ನರಸಿಂಹದೇವನು ಕಟ್ಟಿಸಿದ ಕೋಣಾರ್ಕದ ಸೂರ್ಯದೇವಾಲಯದಲ್ಲಿ ಕಲ್ಲುಗಳ ಕೆಳಗೆ ಆಸರೆಯಾಗಿ ಕಬ್ಬಿಣದ ತೊಲೆಗಳನ್ನು ಹಾಸಿದ್ದರು. ಅವುಗಳಲ್ಲಿ ದೊಡ್ಡದು ಸುಮಾರು ೩೫ ಅಡಿ ಉದ್ದವಿದೆ. ತೊಲೆಯು ಭಾರದಿಂದ ಬಾಗುವಾಗ ಮೇಲ್ಭಾಗವು ಒತ್ತಿಕೊಳ್ಳುವುದು, ಕೆಳಭಾಗವು ಎಳೆಯಲ್ಪಡುವುದು. ಕೂಡದ ಸಂಧಿಯು ಒತ್ತಡವನ್ನು ತಡೆದೀತು, ಎಳೆತವನ್ನು ತಡೆಯದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ತೊಲೆಗಳ ಮುರಿದ ತುದಿಗಳನ್ನು ಪರೀಕ್ಷಿಸಿದವರು ಸಣ್ಣ ಮುದ್ದೆಗಳು ಹೊರಮೈಯಲ್ಲಿ ಚೆನ್ನಾಗಿ ಕೂಡಿ ಒಳಗೆ ಅಲ್ಲಲ್ಲಿ ಕಿಟ್ಟವನ್ನೂ ಟೊಳ್ಳನ್ನೂ ಉಳಿಸಿಕೊಂಡಿರುವುದನ್ನು ಕಂಡರು. ಇಷ್ಟು ದಪ್ಪನಾದ ತೊಲೆಯ ನಡುವಿಗೆ ಕೈಸುತ್ತಿಗೆಯ ಪೆಟ್ಟು ತಲುಪುವುದು ಸಾಧ್ಯವಿರಲಿಲ್ಲ. ಇದನ್ನು ಕಮ್ಮಾರನ ಅಜಾಗ್ರತೆಯೆಂದು ಹೇಳುವುದು ಅನ್ಯಾಯ. ವಿಧಾನದ ಸೀಮೆಯೇ ಅಷ್ಟಾಗಿತ್ತು. ಕೈಯ ದೋಷವನ್ನು ವಿಧಾನದ ದೋಷದಿಂದ ಬೇರ್ಪಡಿಸಿ ನೋಡಬೇಕೆಂಬ ಪಾಠವು ಕೋಣಾರ್ಕದ ಮುರುಕಿನಲ್ಲಿಯೇ ಇತ್ತು. ಅದನ್ನು ಓದಿಕೊಂಡವರು ಕಡಮೆ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಸೇತುವೆಗಳೂ ಮಹಡಿಮನೆಗಳೂ ರಿವೆಟ್ಟಿನಿಂದ ಕಟ್ಟಲ್ಪಟ್ಟುವು. ಆ ಶತಮಾನದ ಕೊನೆಯಲ್ಲಿ ವಿದ್ಯುಚ್ಛಕ್ತಿಯ ಪ್ರವೇಶದಿಂದ ಬೆಸುಗೆಗೆ ಪುನರ್ಜನ್ಮವಾಯಿತು. ಎರಡು ತುದಿಗಳ ನಡುವೆ ವಿದ್ಯುತ್ತು ಗಾಳಿಯನ್ನು ಸೀಳಿಕೊಂಡು ಹಾಯುವಾಗ ಉಂಟಾಗುವ ಉಜ್ಜ್ವಲವಾದ ವಿದ್ಯುಚ್ಚಾಪದ ಶಾಖದಲ್ಲಿ ಉಕ್ಕು ಕ್ಷಣಾರ್ಧದಲ್ಲಿ ಕರಗುವುದು. ೧೮೮೫ರಲ್ಲಿ ರಷ್ಯದ ಬೆನಾರ್ಡೋಸ್ ಎಂಬವನು ಓಲ್ಶೆವ್ಸ್ಕಿಯೊಡನೆ ಸೇರಿ ಇಂಗಾಲದ ಕಡ್ಡಿಯಿಂದ ಚಾಪವನ್ನು ಎಬ್ಬಿಸಿ ಬೆಸೆಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಮೂರು ವರ್ಷಗಳ ತರುವಾಯ ಸ್ಲಾವ್ಯಾನೋವ್ ಎಂಬವನು ಇಂಗಾಲಕ್ಕೆ ಬದಲಾಗಿ ಲೋಹದ ಕಡ್ಡಿಯನ್ನೇ ಉಪಯೋಗಿಸಿ, ಅದೇ ಕರಗಿ ಸಂಧಿಯನ್ನು ತುಂಬುವಂತೆ ಮಾಡಿದನು.

ಈ ಬರಿಯ ಕಡ್ಡಿಯ ಬೆಸುಗೆಯು ನೋಟಕ್ಕೆ ಸರಿಯಾಗಿದ್ದರೂ ಪೆಡಸಾಗಿರುತ್ತಿತ್ತು. ಕರಗಿದ ಉಕ್ಕು ಗಾಳಿಯಲ್ಲಿರುವ ಸಾರಜನಕವನ್ನೂ ಆಮ್ಲಜನಕವನ್ನೂ ಹೀರಿಕೊಂಡು ಕೆಡುತ್ತಿತ್ತು. ಸ್ವೀಡನ್ ದೇಶದ ಆಸ್ಕರ್ ಕೆಲ್ಬೆರ್ಗ್ ಎಂಬವನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಡ್ಡಿಗೆ ಖನಿಜದ್ರವ್ಯಗಳ ಲೇಪವನ್ನು ಕೊಟ್ಟನು. ಲೇಪವು ಉರಿದು ಹೊಗೆಯಾಗಿ ಗಾಳಿಯನ್ನು ದೂರವಿಡುವುದು. ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಾಗುವುದು. ಅಕ್ಕಸಾಲಿಗನ ಬಿಳಿಗಾರವು ಮಾಡುತ್ತಿದ್ದ ಕೆಲಸವನ್ನೇ ಇದು ಸಾವಿರಾರು ಡಿಗ್ರಿಗಳ ಶಾಖದಲ್ಲಿ ಮಾಡತೊಡಗಿತು. ಆದಿದೋಷವೂ ಜೊತೆಯಲ್ಲಿಯೇ ಬಂದಿತು: ಒಂದು ಪದರದ ಕಿಟ್ಟವನ್ನು ಕೆತ್ತಿ ತೆಗೆಯದೆ ಮೇಲೊಂದು ಪದರವನ್ನು ಹಾಯಿಸಿದರೆ ಅದು ಒಳಗೇ ಸಮಾಧಿಯಾಗುವುದು.

ಪೋಲೆಂಡಿನ ಸ್ಟೆಫಾನ್ ಬ್ರಿವಾ ಎಂಬ ಪ್ರಾಧ್ಯಾಪಕನು ಮೌಜಿಸೆ ಎಂಬ ಹಳ್ಳಿಯ ಬಳಿ ಸ್ವುದ್ವಿಯಾ ನದಿಗೆ ೨೭ ಮೀಟರು ಉದ್ದದ ಸೇತುವೆಯನ್ನು ಪೂರ್ತಿಯಾಗಿ ಬೆಸುಗೆಯಿಂದಲೇ ಕಲ್ಪಿಸಿದನು. ೧೯೨೯ರಲ್ಲಿ ಸಂಚಾರಕ್ಕೆ ತೆರೆದ ಇದು ಬೆಸೆದ ರಸ್ತೆಸೇತುವೆಗಳಲ್ಲಿ ಲೋಕಕ್ಕೆ ಮೊದಲನೆಯದು. ರಿವೆಟ್ಟಿನಿಂದ ಕಟ್ಟಿದ್ದರೆ ೭೦ ಟನ್ನಿಗೂ ಮೀರಬೇಕಾಗಿದ್ದ ಉಕ್ಕು ಸುಮಾರು ೫೬ ಟನ್ನಿನಲ್ಲಿ ಮುಗಿಯಿತು. ಬ್ರಿವಾ ಸೇತುವೆಯನ್ನು ಕಟ್ಟಿದ್ದಲ್ಲದೆ ಬೆಸೆದ ಕಟ್ಟಡಗಳಿಗೆ ನಿಯಮಗಳನ್ನೂ ಬರೆದನು. ಆ ಬಗೆಯ ನಿಯಮಗಳಲ್ಲಿ ಅವು ಮೊದಲಿನವುಗಳೊಡನೆ ಎಣಿಸತಕ್ಕವು. ಎರಡನೆಯ ಮಹಾಯುದ್ಧದಲ್ಲಿ, ೧೯೪೩ರಲ್ಲಿ, ಜರ್ಮನ್ ಸೇನೆಯವರು ಅವನನ್ನು ಕೊಂದರು. ೧೯೭೭ರಲ್ಲಿ ಪಕ್ಕಕ್ಕೆ ಸರಿಸಲ್ಪಟ್ಟ ಆ ಸೇತುವೆಯು ಈಗಲೂ ಸ್ಮಾರಕವಾಗಿ ಉಳಿದಿದೆ. ಅಷ್ಟು ಉಕ್ಕು ಉಳಿಯುವುದೆಂದು ತಿಳಿದ ಮೇಲೆ ಯೂರೋಪಿನ ದೇಶಗಳು ಹಿಂಜರಿಯಲಿಲ್ಲ.

ಬೆಲ್ಜಿಯಂ ದೇಶದಲ್ಲಿ ಆಲ್ಬರ್ಟ್ ಕಾಲುವೆಯ ಮೇಲೆ ೧೯೩೦ರಿಂದೀಚಿನ ದಶಕದಲ್ಲಿ ವಿಯರೆಂಡೇಲ್ ಎಂಬ ವಿದ್ವಾಂಸನ ಹೆಸರಿನ ಹಲವಾರು ಸೇತುವೆಗಳು ಎದ್ದುವು. ಸಾಮಾನ್ಯವಾದ ಜಾಲರಿಸೇತುವೆಯಲ್ಲಿ ಓರೆಪಟ್ಟಿಗಳು ಭಾರವನ್ನು ಹಂಚಿಕೊಳ್ಳುತ್ತವೆ. ವಿಯರೆಂಡೇಲನ ಕಲ್ಪನೆಯಲ್ಲಿ ಓರೆಪಟ್ಟಿಯೇ ಇಲ್ಲ. ಏಣಿಯನ್ನು ಅಡ್ಡಲಾಗಿ ನಿಲ್ಲಿಸಿದಂತಿರುವ ಅದರಲ್ಲಿ ಎಲ್ಲ ಹೊರೆಯೂ ಮೂಲೆಸಂಧಿಗಳ ಬಿಗಿತದ ಮೇಲೆಯೇ ಬೀಳುವುದು. ಇಂತಹ ಸಂಧಿಗೆ ಬೆಸುಗೆಯು ಹೇಳಿಮಾಡಿಸಿದಂತೆ ತೋರಿತು. ಹಾಸೆಲ್ಟ್ ನಗರದಲ್ಲಿ ೧೯೩೬ರಲ್ಲಿ ಕಟ್ಟಿದ್ದ, ಸುಮಾರು ೭೪ ಮೀಟರು ಹರವಿನ ಸೇತುವೆಯು ೧೯೩೮ನೆಯ ಮಾರ್ಚಿ ೧೪ರಂದು ಗುಂಡು ಹಾರಿದಂತಹ ಶಬ್ದದೊಡನೆ ಕೆಳಗಣ ತೊಲೆಯಲ್ಲಿ ಬಿರಿಯಿತು. ಕೆಲವೇ ನಿಮಿಷಗಳಲ್ಲಿ ಮೂರು ತುಂಡಾಗಿ ಕಾಲುವೆಗೆ ಬಿದ್ದಿತು. ಅದರ ಮೇಲೆ ಹೆಚ್ಚು ಭಾರವೇನೂ ಇರಲಿಲ್ಲ. ೧೯೪೦ನೆಯ ಜನವರಿಯ ಕೊರೆಯುವ ಚಳಿಯಲ್ಲಿ ಹೆರೆಂತಾಲ್ಸ್ ಮತ್ತು ಕಾವುಲಿಲ್ಲೆ ಎಂಬಲ್ಲಿಯ ಸೇತುವೆಗಳಲ್ಲಿಯೂ ಇಂತಹವೇ ಬಿರುಕುಗಳು ಕಂಡುವು. ಜರ್ಮನಿಯಲ್ಲಿ ಬರ್ಲಿನ್ ಮೃಗಶಾಲೆಯ ರೈಲುನಿಲ್ದಾಣದ ಬಳಿಯ ಸೇತುವೆಯು ೧೯೩೬ರಲ್ಲಿಯೂ ರ್ಯೂಡರ್ಸ್‌ಡಾರ್ಫಿನ ಹೆದ್ದಾರಿಸೇತುವೆಯು ೧೯೩೮ರ ಆದಿಯಲ್ಲಿಯೂ ಬಿರಿದಿದ್ದುವು.

ಬಾಗದೆ, ನುಲಿಯದೆ, ಮುನ್ಸೂಚನೆ ಕೊಡದೆ ಉಕ್ಕು ಗಾಜಿನಂತೆ ಒಡೆದುದೇ ಆಶ್ಚರ್ಯ. ಇದರ ಕಾರಣವನ್ನು ತಿಳಿಯಬೇಕಾದರೆ ಬೆಸುಗೆಯು ಆರುವ ಬಗೆಯನ್ನು ನೆನೆಯಬೇಕು. ಕರಗಿದ ಲೋಹವು ತಣ್ಣಗಾಗುತ್ತ ಸಂಕೋಚಿಸುವುದು. ಎರಡು ಕಡೆಗಳಲ್ಲಿಯೂ ದಪ್ಪನಾದ ತಣ್ಣನೆಯ ಉಕ್ಕು ಅದನ್ನು ಅಲುಗಾಡದಂತೆ ಹಿಡಿದಿದ್ದರೆ ಸಂಕೋಚಕ್ಕೆ ಎಡೆಯಿಲ್ಲದೆ, ಬಿಗಿದ ತಂತಿಯಂತೆ ಎಳೆದುಕೊಂಡೇ ಉಳಿಯುವುದು. ಸೇತುವೆಯ ಮೇಲೆ ಒಂದು ಬಂಡಿಯೂ ಬಾರದಿದ್ದರೂ ಸಂಧಿಯು ಒಳಗೊಳಗೇ ಹೊರೆಯನ್ನು ಹೊತ್ತಿರುವುದು. ಸಂಧಿಯು ಬಿಗಿಯಾದಷ್ಟೂ ಈ ಗುಪ್ತಬಲವು ಹೆಚ್ಚು. ವಿಯರೆಂಡೇಲನ ಮೂಲೆಗಳಿಗಿಂತ ಬಿಗಿಯಾದ ಸಂಧಿಯು ದುರ್ಲಭ. ಇದರೊಡನೆ ಉಕ್ಕೂ ಬೆಸುಗೆಗೆ ಒಗ್ಗದ ಜಾತಿಯದಾಗಿದ್ದರೆ ಸಣ್ಣ ಬಿರುಕೊಂದು ಸಾಕಾಗುವುದು. ರಿವೆಟ್ಟಿನ ಸೇತುವೆಯಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುವುದು; ಬೆಸೆದ ಸೇತುವೆಯಲ್ಲಿ ಅಂಚೆಂಬುದೇ ಇಲ್ಲವಾದುದರಿಂದ ಅದು ಕೊನೆಯವರೆಗೂ ಓಡುವುದು. ನೀರಕ್ಷೀರನ್ಯಾಯದ ಗುಣವೇ ಇಲ್ಲಿ ದೋಷವಾಗಿ ಪರಿಣಮಿಸಿತು.

ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯು ೨,೭೦೦ಕ್ಕೂ ಮೀರಿದ ಲಿಬರ್ಟಿ ಹಡಗುಗಳನ್ನು ಬೆಸೆದು ನೀರಿಗಿಳಿಸಿತು. ಹಡಗು ಕಟ್ಟಡವಲ್ಲವಾದರೂ ಉಕ್ಕಿನ ಸಂಧಿಯ ವಿಷಯದಲ್ಲಿ ಅದಕ್ಕೂ ಸೇತುವೆಗೂ ಭೇದವಿಲ್ಲ. ೧೯೪೩ನೆಯ ಜನವರಿ ೧೬ರಂದು ಸ್ಕೆನೆಕ್ಟಡಿ ಎಂಬ ಹೊಸ ತೈಲನೌಕೆಯು ಆರೆಗನ್ ಪ್ರಾಂತದ ಪೋರ್ಟ್‌ಲೆಂಡಿನ ಕಟ್ಟೆಯಲ್ಲಿ ನಿಶ್ಚಲವಾದ ನೀರಿನಲ್ಲಿ ನಿಂತಿದ್ದಂತೆಯೇ ನಡುವೆ ಸೀಳಿ ಎರಡಾಯಿತು. ಹೊಸದಾಗಿ ತರಬೇತಿ ಹೊಂದಿದ ಬೆಸುಗೆಗಾರರ ಮೇಲೆ, ಅವರಲ್ಲಿ ಅನೇಕರು ಹೆಂಗಸರು, ಅಪವಾದವು ಬಿದ್ದಿತು. ಬೆಸುಗೆಯಲ್ಲಿ ಲೋಪಗಳು ಇರಲಿಲ್ಲವೆಂದಲ್ಲ. ಆದರೆ ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿಯು ಉಕ್ಕನ್ನೇ ಪರೀಕ್ಷೆಗೆ ಒಡ್ಡಿ, ಅದು ಒಂದು ಶೀತಮಿತಿಗಿಂತ ಕೆಳಗೆ ತನ್ನ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುವುದನ್ನು ತೋರಿಸಿಕೊಟ್ಟಳು. ಬಿರುಕು ಹುಟ್ಟಿದ್ದು ಬಹುಮಟ್ಟಿಗೆ ಬೆಸುಗೆಯಲ್ಲಿ ಅಥವಾ ಬಾಗಿಲುಗಂಡಿಗಳ ಚೂಪುಮೂಲೆಗಳಲ್ಲಿ; ಅದನ್ನು ತಡೆಯದೆ ಓಡಗೊಟ್ಟದ್ದು ಉಕ್ಕು. ಹೀಗೆ ಮೊದಲ ಬಾರಿಗೆ ಅಪವಾದವು ಕೈಯಿಂದ ಲೋಹಕ್ಕೆ ಸರಿಯಿತು. ಚೂಪುಮೂಲೆಗಳನ್ನು ದುಂಡಾಗಿಸಿದ್ದರಿಂದಲೇ ಅನೇಕ ಹಡಗುಗಳು ಉಳಿದುಕೊಂಡುವು.

ಮೆಲ್ಬರ್ನಿನ ಕಿಂಗ್ಸ್ ಸೇತುವೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೬೧ರಲ್ಲಿ ತೆರೆದ ಅದು ಮರುವರ್ಷದ ಜುಲೈ ೧೦ರಂದು, ಆ ದೇಶದ ಚಳಿಗಾಲದ ಬೆಳಗಿನಲ್ಲಿ, ಭಾರವಾದ ಬಂಡಿಯೊಂದು ಹಾಯುವಾಗ ಕುಸಿಯಿತು. ಕೆಳಗಿದ್ದ ಗೋಡೆಗಳು ಹಿಡಿದುಕೊಂಡದ್ದರಿಂದ ಪ್ರಾಣಹಾನಿಯಾಗಲಿಲ್ಲ. ಹೆಚ್ಚು ಬಲವೆಂದು ಆರಿಸಿದ್ದ ಉಕ್ಕು ಬೆಸೆಯಲು ಕಠಿನವಾಗಿತ್ತು. ತೊಲೆಯ ಕೆಳಗೆ ಬಲಕ್ಕಾಗಿ ಬೆಸೆದಿದ್ದ ಹೆಚ್ಚಿನ ತಗಡುಗಳ ಕೊನೆಗಳಲ್ಲಿ, ಬೆಸುಗೆಯು ಆರುವ ಹೊತ್ತಿಗೇ ಬಿರುಕುಗಳು ಹುಟ್ಟಿದ್ದುವು. ಕಡ್ಡಿಯ ಲೇಪದಲ್ಲಿ ತೇವವಿದ್ದರೆ ಅದರಿಂದ ಹೊರಟ ಜಲಜನಕವು ಕರಗಿದ ಉಕ್ಕನ್ನು ಸೇರಿ, ಆರಿದ ಮೇಲೆ ಪೆಡಸಾದ ಭಾಗವನ್ನು ಒಳಗಿನಿಂದ ಸೀಳುವುದು. ಕೆಲವು ವೇಳೆ ಈ ಸೀಳು ಬೆಸೆದ ಒಂದೆರಡು ದಿನಗಳ ಮೇಲೆ ಕಾಣುವುದು. ಕಡ್ಡಿಗಳನ್ನು ಒಲೆಯಲ್ಲಿಟ್ಟು ಬಿಸಿಯಾಗಿ ಕಾಪಾಡಬೇಕೆಂಬ ನಿಯಮಕ್ಕೂ ದಪ್ಪ ಉಕ್ಕನ್ನು ಮುಂಚಿತವಾಗಿ ಕಾಯಿಸಬೇಕೆಂಬ ನಿಯಮಕ್ಕೂ ಮೂಲವು ಇದೇ.

ಇವೆಲ್ಲಕ್ಕಿಂತ ದಾರುಣವಾದದ್ದು ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ಸಮುದ್ರವೇದಿಕೆಯ ವೃತ್ತಾಂತ. ಐದು ಕಾಲುಗಳ ಮೇಲೆ ಉತ್ತರಸಮುದ್ರದಲ್ಲಿ ತೇಲುತ್ತಿದ್ದ ಈ ವೇದಿಕೆಯು ತೈಲದ ಬಾವಿಗಳಲ್ಲಿ ದುಡಿಯುವವರಿಗೆ ವಸತಿಯಾಗಿತ್ತು. ೧೯೮೦ನೆಯ ಮಾರ್ಚಿ ೨೭ರ ಸಂಜೆ ಬಿರುಗಾಳಿಯಲ್ಲಿ ಅದರ ಒಂದು ಕಾಲು ಕಳಚಿತು; ವೇದಿಕೆಯು ಮಗುಚಿತು; ಇದ್ದ ೨೧೨ ಜನರಲ್ಲಿ ೧೨೩ ಜನರು ಮಡಿದರು. ಕಾಲುಗಳನ್ನು ಹಿಡಿದಿದ್ದ ದೊಡ್ಡ ಕೊಳವೆಯೊಂದಕ್ಕೆ, ನೀರೊಳಗಿನ ಶಬ್ದವನ್ನು ಆಲಿಸುವ ಸಣ್ಣ ಯಂತ್ರವೊಂದನ್ನು ಕೂರಿಸಲು ಹಿಡಿಕೆಯನ್ನು ಬೆಸೆದಿದ್ದರು. ಆ ಮೂಲೆಬೆಸುಗೆಯ ಗಾತ್ರ ೬ ಮಿಲಿಮೀಟರು. ಅದು ಭಾರ ಹೊರುವ ಸಂಧಿಯಲ್ಲವೆಂದು ಎಣಿಸಿ ಯಾರೂ ಅದಕ್ಕೆ ಗಮನ ಕೊಟ್ಟಿರಲಿಲ್ಲ. ಬಿರುಕು ಅಲ್ಲಿಂದ ಹೊರಟು, ಅಲೆಗಳ ಹೊಡೆತದಿಂದ ದಿನೇದಿನೇ ಬೆಳೆದು, ಕೊಳವೆಯನ್ನು ಸುತ್ತುವರಿದಿತ್ತು. ವಿಚಾರಣಾಮಂಡಲಿಯವರು ಮುರಿದ ಭಾಗವನ್ನು ತಂದು ನೋಡಿದಾಗ ಬಿರುಕಿನ ಒಳಮೈಯಲ್ಲಿ ಬಣ್ಣದ ಗುರುತುಗಳು ಕಂಡುವು. ಎಂದರೆ, ವೇದಿಕೆಗೆ ಬಣ್ಣ ಬಳಿಯುವುದಕ್ಕೆ ಮುಂಚೆಯೇ, ಅದು ನಿರ್ಮಾಣದ ಅಂಗಳವನ್ನು ಬಿಡುವ ಮೊದಲೇ, ಬಿರುಕು ಬಾಯಿ ತೆರೆದಿತ್ತು. ಕುಂಚ ಹಿಡಿದವನು ಅರಿಯದೆ ಅದನ್ನು ಮುಚ್ಚಿದ್ದನು. ಆ ಎರಡು ಕೈಗಳ ನಡುವೆ ನೋಡಬೇಕಾದ ಮೂರನೆಯ ಕಣ್ಣೊಂದು ಇರಲಿಲ್ಲ.

ಹಾಗಾದರೆ ಒಳಗನ್ನು ನೋಡುವ ಸಾಧನವೇ ಇಲ್ಲವೇ ಎಂಬ ಪ್ರಶ್ನೆಯು ಹುಟ್ಟುವುದು ಸಹಜ. ೧೮೯೫ರಲ್ಲಿ ರಾಂಟ್ಗೆನ್ ಕಂಡುಹಿಡಿದ ಕ್ಷಕಿರಣಗಳು ಉಕ್ಕನ್ನು ತೂರಿಹೋಗಿ ಗಾಳಿಗುಳ್ಳೆಯನ್ನೂ ಕಿಟ್ಟವನ್ನೂ ಚಿತ್ರದಲ್ಲಿ ತೋರಿಸುವುವು. ತೆಳ್ಳಗಿನ ಬಿರುಕು ಕಿರಣಕ್ಕೆ ಅಡ್ಡಲಾಗಿ ಮಲಗಿದ್ದರೆ ಮಾತ್ರ ಚಿತ್ರಕ್ಕೆ ಸಿಕ್ಕದೆ ತಪ್ಪಿಸಿಕೊಳ್ಳುವುದು. ಕಿವಿಗೆ ಕೇಳಿಸದ ಸೂಕ್ಷ್ಮಶಬ್ದವನ್ನು ಉಕ್ಕಿನೊಳಗೆ ಕಳುಹಿಸಿ ಅದರ ಮಾರ್ದನಿಯಿಂದ ಬಿರುಕನ್ನು ಗುರುತಿಸುವ ವಿದ್ಯೆಯನ್ನು ರಷ್ಯದ ಸೊಕೊಲೋವ್ ಎಂಬವನು ೧೯೨೮ರ ಸುಮಾರಿಗೆ ಸೂಚಿಸಿದನು. ಯುದ್ಧಕಾಲದಲ್ಲಿ ಅದು ಕೈಗೂಡಿತು. ಇದಲ್ಲದೆ ಅಯಸ್ಕಾಂತದ ಬಲದಿಂದ ಕಬ್ಬಿಣದ ಪುಡಿಯನ್ನು ಬಿರುಕಿನ ಮೇಲೆ ಸಾಲುಗಟ್ಟಿಸುವುದುಂಟು. ಬಣ್ಣದ ದ್ರವವನ್ನು ಬಿರುಕಿನೊಳಕ್ಕೆ ಇಳಿಸಿ ಹೊರತೆಗೆಯುವುದುಂಟು. ಇವೆರಡೂ ಮೈಯ ಮೇಲಿನ ಅಥವಾ ಮೈಗೆ ಸಮೀಪದ ದೋಷಕ್ಕೆ ಮಾತ್ರ ಉಪಯುಕ್ತ. ಸಾಧನಗಳು ಇಷ್ಟಿದ್ದೂ ಮುಂದಿನ ಪ್ರಮಾದವು ತಪ್ಪಲಿಲ್ಲವೆಂಬುದೇ ವಿಚಾರಣೀಯ.

೧೯೯೪ನೆಯ ಜನವರಿ ೧೭ರ ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಲಾಸ್ ಏಂಜಲೀಸ್ ನಗರದ ಪ್ರಾಂತದಲ್ಲಿ ೬.೭ ಪ್ರಮಾಣದ ಭೂಕಂಪವಾಯಿತು. ನಾರ್ತ್‌ರಿಜ್ ಭೂಕಂಪವೆಂದು ಪ್ರಸಿದ್ಧವಾದ ಇದರಲ್ಲಿ ಐವತ್ತಕ್ಕೂ ಹೆಚ್ಚು ಜನರು ಸತ್ತರು. ಆದರೆ ಉಕ್ಕಿನ ಚೌಕಟ್ಟಿನ ಮಹಡಿಮನೆ ಒಂದೂ ಉರುಳಲಿಲ್ಲ. ತೊಲೆಯನ್ನು ಕಂಬಕ್ಕೆ ಬಿಗಿಯಾಗಿ ಬೆಸೆದ ಈ ಚೌಕಟ್ಟುಗಳು ಭೂಕಂಪಕ್ಕೆ ಅತ್ಯುತ್ತಮವೆಂಬ ನಂಬಿಕೆಯು ಮತ್ತಷ್ಟು ದೃಢವಾಗಬೇಕಾಗಿತ್ತು. ಕೆಲವು ವಾರಗಳಾದ ಮೇಲೆ ಅಲ್ಲೊಂದು ಇಲ್ಲೊಂದು ಕಟ್ಟಡದಲ್ಲಿ ಸಂಧಿಗಳನ್ನು ಮುಚ್ಚಿದ್ದ ಅಗ್ನಿನಿರೋಧಕ ಲೇಪವನ್ನು ಕೆರೆದು ನೋಡಿದರು. ಬೆಸುಗೆಗಳು ಬಿರಿದಿದ್ದುವು, ಕೆಲವೆಡೆ ಬಿರುಕು ಕಂಬದೊಳಕ್ಕೇ ನುಗ್ಗಿತ್ತು. ಹುಡುಕಿದಂತೆಲ್ಲ ಸಂಖ್ಯೆಯು ಬೆಳೆದು ನೂರಕ್ಕೂ ಮೀರಿದ ಕಟ್ಟಡಗಳಲ್ಲಿ ಈ ದೋಷವು ಕಂಡಿತು. ಅವುಗಳಲ್ಲಿ ಹಲವಕ್ಕೆ ಹೊರಗೆ ಗೋಡೆಯ ಗಾರೆಯೂ ಉದುರಿರಲಿಲ್ಲ.

ಈ ಸಂಧಿಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉಕ್ಕಿನ ತೊಲೆಯೆಂದರೆ ಮೇಲೊಂದು ಕೆಳಗೊಂದು ಅಡ್ಡಲಾಗಿರುವ ದಪ್ಪಪಟ್ಟಿ. ಅವೆರಡರ ನಡುವೆ ನಿಂತ ತೆಳು ಹಲಗೆ. ಪಟ್ಟಿಗಳನ್ನು ಕಂಬಕ್ಕೆ ಬೆಸೆಯುವರು, ಹಲಗೆಯನ್ನು ಬೋಲ್ಟುಗಳಿಂದ ಬಿಗಿಯುವರು. ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ಕಂಬಕ್ಕೂ ಅದಕ್ಕೂ ನಡುವೆ ಉಂಟಾದ ತೋಡನ್ನು ಕರಗಿದ ಲೋಹದಿಂದ ಪದರಪದರವಾಗಿ ತುಂಬಬೇಕು. ತುಂಬಿದ ಲೋಹವು ಕೆಳಕ್ಕೆ ಸುರಿಯದಂತೆ ತೋಡಿನ ಅಡಿಯಲ್ಲಿ ಒಂದು ಆಸರೆಪಟ್ಟಿಯನ್ನು ಇಡುವರು. ಕೆಲಸವು ಮುಗಿದ ಮೇಲೆ ಆ ಪಟ್ಟಿಯನ್ನು ಅಲ್ಲಿಯೇ ಬಿಟ್ಟುಬಿಡುವುದು ರೂಢಿಯಾಗಿತ್ತು. ಪಟ್ಟಿಯ ಮುಖವು ಕಂಬದ ಮುಖವನ್ನು ತಗುಲಿಕೊಂಡಿರುವುದೇ ಹೊರತು ಅದಕ್ಕೆ ಬೆಸೆದಿಲ್ಲ. ಎಂದರೆ ಬೆಸುಗೆಯ ಬುಡದಲ್ಲಿ ಹುಟ್ಟಿನಿಂದಲೇ ಒಂದು ಸೀಳು ಸಿದ್ಧವಾಗಿರುವುದು.

ಮೇಲಣ ಪಟ್ಟಿಯನ್ನು ಬೆಸೆಯುವುದು ಸುಲಭ. ಕೆಳಗಣ ಪಟ್ಟಿಯನ್ನು ಬೆಸೆಯುವಾಗ ನಡುವಣ ಹಲಗೆಯು ಅಡ್ಡಬರುವುದು. ಅದಕ್ಕಾಗಿ ಹಲಗೆಯಲ್ಲಿ ಅರೆಚಂದ್ರಾಕಾರದ ಗಂಡಿಯನ್ನು ಕೊರೆದಿರುವರು. ಬೆಸುಗೆಗಾರನು ಒಂದು ಪಕ್ಕದಿಂದ ಬೆಸೆಯುತ್ತ ಬಂದು ಗಂಡಿಯ ಬಳಿ ನಿಲ್ಲಿಸಿ, ಎದ್ದು ಮತ್ತೊಂದು ಪಕ್ಕಕ್ಕೆ ಹೋಗಿ, ಕಣ್ಣಿಗೆ ಸರಿಯಾಗಿ ಕಾಣದ ಆ ಗಂಡಿಯಲ್ಲಿ ಕಡ್ಡಿಯನ್ನು ತೂರಿಸಿ ಮುಂದುವರಿಸಬೇಕು. ಪ್ರತಿಯೊಂದು ಪದರಕ್ಕೂ ಹೀ​ಗೆಯೇ. ನಿಲ್ಲಿಸಿದ ಕಡೆಯಲ್ಲಿ ಕಿಟ್ಟವು ಉಳಿಯುವುದೂ, ಲೋಹವು ಪೂರ್ತಿ ಬೆಸೆಯದಿರುವುದೂ ಬಹುಮಟ್ಟಿಗೆ ಅನಿವಾರ್ಯ. ತೊಲೆಯ ಎಳೆತವು ಅತ್ಯಧಿಕವಾಗಿರುವ ಸ್ಥಾನಗಳಲ್ಲಿ ಅದೂ ಒಂದು. ಎಷ್ಟು ನಿಪುಣನಾದರೂ ಮಾಡಲಾರದ ಕೆಲಸವನ್ನು ವಿಧಿಸಿ, ಅದು ಆಗಲಿಲ್ಲವೆಂದು ಅವನನ್ನು ದೂರುವುದು ಯಾವ ನ್ಯಾಯ?

ನೋಡುವ ಸಾಧನವಾದ ಸೂಕ್ಷ್ಮಶಬ್ದವನ್ನೂ ಈ ಆಸರೆಪಟ್ಟಿಯೇ ಮೋಸಗೊಳಿಸುತ್ತಿತ್ತು. ಪಟ್ಟಿಯಿಂದ ಹಿಂದಿರುಗುವ ಮಾರ್ದನಿಗೂ ಬುಡದಲ್ಲಿರುವ ನಿಜವಾದ ಬಿರುಕಿನ ಮಾರ್ದನಿಗೂ ಭೇದ ತಿಳಿಯುವುದು ಕಷ್ಟ. ನಡುವಣ ಹಲಗೆಯ ಕೆಳಗಂತೂ ಯಂತ್ರವನ್ನು ಇಡಲು ಎಡೆಯೇ ಇಲ್ಲ. ಕಡ್ಡಿಯ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. ಬೇಗ ತುಂಬುವುದೆಂದು ಬಳಕೆಗೆ ಬಂದಿದ್ದ, ಒಳಗೆ ಔಷಧದ ಪುಡಿಯನ್ನು ತುಂಬಿದ ಒಂದು ಜಾತಿಯ ತಂತಿಯು ಎಳೆತಕ್ಕೆ ಸಾಕಷ್ಟು ಬಲವನ್ನು ಕೊಡುತ್ತಿತ್ತು. ಆದರೆ ಬಿರುಕನ್ನು ತಡೆದು ನಿಲ್ಲಿಸುವ ಗುಣವು ಅದರಲ್ಲಿ ಎಷ್ಟಿರಬೇಕೆಂದು ಆ ಕಾಲದ ನಿಯಮಗಳು ಕೇಳಿಯೇ ಇರಲಿಲ್ಲ. ಕೇಳದ ಗುಣವನ್ನು ತಯಾರಿಸುವವರು ಕೊಡಲಿಲ್ಲ. ಹೀಗೆ ನಿಯಮವು ಬೇಡುವ ಬಲವನ್ನೆಲ್ಲ ಹೊಂದಿ, ನಿಯಮವು ಬೇಡುವ ಪರೀಕ್ಷೆಯಲ್ಲೆಲ್ಲ ತೇರ್ಗಡೆಯಾಗಿ, ಸಂಧಿಯು ಒಡೆಯಿತು.

ಮತ್ತೊಂದು ಕಾರಣವು ಶಾಸ್ತ್ರಾಭ್ಯಾಸಿಗಳಿಗೆ ಪರಿಚಿತವಾದದ್ದು. ಈ ಸಂಧಿಯ ಪ್ರಾಮಾಣ್ಯವು ಬರ್ಕಲಿಯ ವಿಶ್ವವಿದ್ಯಾನಿಲಯದಲ್ಲಿ ಎಗೋರ್ ಪೊಪೋವ್ ಎಂಬ ಪ್ರಾಧ್ಯಾಪಕನು ೧೯೭೦ರ ಸುಮಾರಿನಲ್ಲಿ ಮಾಡಿದ ಪ್ರಯೋಗಗಳ ಮೇಲೆ ನಿಂತಿತ್ತು. ಆ ಪ್ರಯೋಗಗಳ ತೊಲೆಗಳು ಚಿಕ್ಕವು. ತರುವಾಯ ಕಟ್ಟುವವರು ಮಿತವ್ಯಯಕ್ಕಾಗಿ ಸಂಧಿಗಳ ಸಂಖ್ಯೆಯನ್ನು ಕಡಮೆಮಾಡಿ, ಉಳಿದ ಸಂಧಿಗಳಿಗೆ ಬಹು ಆಳವಾದ ದಪ್ಪ ತೊಲೆಗಳನ್ನು ಉಪಯೋಗಿಸತೊಡಗಿದರು; ಪ್ರಮಾಣವಾಕ್ಯವು ಮಾತ್ರ ಹಳೆಯದೇ ಉಳಿಯಿತು. ಪ್ರಯೋಗವು ಯಾವ ವಿಷಯಕ್ಕೆ ಪ್ರಮಾಣವೋ ಅದನ್ನು ಮೀರಿದ ವಿಷಯಕ್ಕೆ ಅದನ್ನು ಹಚ್ಚಿದರೆ ಅತಿವ್ಯಾಪ್ತಿಯೆಂದು ತಾರ್ಕಿಕರು ಹೇಳುವರು. ಅದು ಬರಿಯ ವಾದದ ಮಾತಲ್ಲವೆಂದು ನಾರ್ತ್‌ರಿಜ್ ತೋರಿಸಿಕೊಟ್ಟಿತು. ಸರಿಯಾಗಿ ಒಂದು ವರ್ಷ ಕಳೆದು, ೧೯೯೫ನೆಯ ಜನವರಿ ೧೭ರಂದು, ಜಪಾನಿನ ಕೋಬೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಭೂಕಂಪವಾದಾಗ ಅಲ್ಲಿಯ ಉಕ್ಕಿನ ಚೌಕಟ್ಟುಗಳಲ್ಲಿಯೂ ತೊಲೆಯ ತುದಿಯ ಬೆಸುಗೆಗಳ ಬಳಿಯೂ ಗಂಡಿಗಳ ಅಂಚಿನಲ್ಲಿಯೂ ಬಿರುಕುಗಳು ಕಂಡುವು. ಅಲ್ಲಿಯ ರಚನೆ ಬೇರೆ, ಬೆಸುಗೆಗಾರರು ಬೇರೆ.

ಅಮೆರಿಕೆಯ ಸರ್ಕಾರದ ಧನಸಹಾಯದಿಂದ ನಡೆದ ಆರು ವರ್ಷಗಳ ಪರಿಶೋಧನೆಯ ಫಲವಾಗಿ ೨೦೦೦ದಲ್ಲಿ ಹೊಸ ನಿಯಮಗ್ರಂಥಗಳು ಹೊರಬಂದುವು. ಅವುಗಳಲ್ಲಿ ಒಂದು ಪೂರ್ತಿಯಾಗಿ ಬೆಸುಗೆಯ ಗುಣರಕ್ಷಣೆಗೇ ಮೀಸಲಾಗಿರುವುದು. ಕೆಳಗಣ ಆಸರೆಪಟ್ಟಿಯನ್ನು ಬೆಸುಗೆಯಾದ ಮೇಲೆ ತೆಗೆಯಬೇಕು. ಬುಡವನ್ನು ಕೆತ್ತಿ ಶುದ್ಧ ಲೋಹವು ಕಾಣುವವರೆಗೆ ಹೋಗಿ ಮತ್ತೆ ಬೆಸೆಯಬೇಕು. ಬೆಸುಗೆಯ ಲೋಹವು ೭೦ ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಕನಿಷ್ಠಪಕ್ಷ ೪೦ ಅಡಿ-ಪೌಂಡುಗಳ ಹೊಡೆತವನ್ನು ತಡೆಯಬೇಕು. ಗಂಡಿಯ ಆಕಾರವನ್ನು ಬದಲಾಯಿಸಿದರು. ಕಂಬದಿಂದ ಸ್ವಲ್ಪ ದೂರದಲ್ಲಿ ತೊಲೆಯ ಪಟ್ಟಿಗಳನ್ನು ಎರಡು ಕಡೆಗಳಲ್ಲಿಯೂ ಕೊರೆದು ನಡುಸಣ್ಣಾಗಿ ಮಾಡಿ, ಭೂಕಂಪದಲ್ಲಿ ತೊಲೆಯು ಬೆಸುಗೆಯ ಬಳಿಯಲ್ಲದೆ ಅಲ್ಲಿಯೇ ಬಾಗುವಂತೆ ಮಾಡುವ ಉಪಾಯವೂ ಪ್ರಚಾರಕ್ಕೆ ಬಂದಿತು. ಬಲಕ್ಕಾಗಿ ತೊಲೆಯನ್ನು ದುರ್ಬಲಗೊಳಿಸುವ ಈ ಉಪಾಯವು ವಿರೋಧಾಭಾಸಕ್ಕೆ ಒಳ್ಳೆಯ ಉದಾಹರಣೆಯಾದೀತು.

ಪರೀಕ್ಷಕನ ವಿಷಯದಲ್ಲಿ ಆದ ಮಾರ್ಪಾಟು ಇವೆಲ್ಲಕ್ಕಿಂತ ದೊಡ್ಡದು. ಮೊದಲು ಅವನು ಕೆಲಸವೆಲ್ಲ ಮುಗಿದ ಮೇಲೆ ಯಂತ್ರವನ್ನು ಹಿಡಿದು ಬರುತ್ತಿದ್ದನು. ಈಗ ಉಕ್ಕಿನ ಓರೆಯಂಚು ಸರಿಯಿದೆಯೇ, ಕಡ್ಡಿಗೆ ತೇವ ತಗುಲಿದೆಯೇ, ಮುಂಚಿತವಾಗಿ ಕಾಯಿಸಿದರೇ, ಪದರಗಳ ನಡುವೆ ಕಿಟ್ಟವನ್ನು ತೆಗೆದರೇ ಎಂದು ಕೆಲಸದ ಮೊದಲೂ ನಡುವೆಯೂ ಕೊನೆಯಲ್ಲಿಯೂ ಅವನು ಹತ್ತಿರವಿರಬೇಕು. ಮೇಲೆ ಹೇಳಿದ ಛಾಂದೋಗ್ಯದ ಪ್ರಕರಣದಲ್ಲಿ ಬ್ರಹ್ಮನೆಂಬ ಋತ್ವಿಜನಿಗೆ ವಿಧಿಸಿರುವ ಕೆಲಸವೂ ಇಂತಹದೇ. ಇತರರು ಮಂತ್ರವನ್ನು ಹೇಳುವರು, ಆಹುತಿಯನ್ನು ಕೊಡುವರು. ಅವನು ಆದಿಯಿಂದ ಅಂತ್ಯದವರೆಗೆ ಮೌನದಿಂದ ಕುಳಿತು ಮನಸ್ಸಿನಿಂದ ಯಜ್ಞವನ್ನು ಕಾಯುವನು. ಲೋಪವು ಕಂಡಲ್ಲಿ ಸಂಧಾನ ಮಾಡುವನು. ಆ ಪ್ರಸಂಗದಲ್ಲಿ ಲೋಹದ ಬೆಸುಗೆಯೇ ದೃಷ್ಟಾಂತವಾಗಿ ಬಂದಿರುವುದು ಕಾಕತಾಳೀಯವಾದರೂ ನೆನೆಯತಕ್ಕದ್ದು.

ಭಾರತದಲ್ಲಿ ಉಕ್ಕಿನ ಕಟ್ಟಡಗಳ ಬೆಸುಗೆಗೆ ೧೯೫೬ರಲ್ಲಿ ಪ್ರಮಾಣಗ್ರಂಥವೊಂದು ಹೊರಟಿತು. ೨೦೦೭ರ ಉಕ್ಕಿನ ಕಟ್ಟಡಗಳ ಸಂಹಿತೆಯಲ್ಲಿ ಭೂಕಂಪವನ್ನು ತಡೆಯಬೇಕಾದ ಸಂಧಿಗಳಿಗೆ ಪ್ರತ್ಯೇಕವಾದ ನಿಯಮಗಳು ಸೇರಿದುವು. ಹೊಸದಾಗಿ ಕಟ್ಟುವವರಿಗೆ ದಾರಿಯು ಹೀಗೆ ಎಲ್ಲೆಡೆಯೂ ಸ್ಪಷ್ಟವಾಗಿರುವುದು. ೧೯೯೪ಕ್ಕೆ ಮೊದಲು ಕಟ್ಟಿದವುಗಳ ಮಾತು ಬೇರೆ. ಅವುಗಳ ಸಂಧಿಗಳು ಗೋಡೆಯ ಹಿಂದೆ, ಅಗ್ನಿನಿರೋಧಕ ಲೇಪದ ಕೆಳಗೆ, ಆಸರೆಪಟ್ಟಿಯೊಡನೆ ಹಾಗೆಯೇ ಇವೆ. ಒಂದೊಂದನ್ನು ತೆರೆದು ನೋಡುವುದಕ್ಕೂ ಒಳಗಿರುವವರನ್ನು ಎಬ್ಬಿಸಬೇಕು, ಧನವನ್ನು ವ್ಯಯಿಸಬೇಕು. ಲಾಸ್ ಏಂಜಲೀಸಿನ ನೆರೆಯಲ್ಲಿರುವ ಸಾಂಟಾ ಮೋನಿಕಾ ನಗರವು ೨೦೧೭ರಲ್ಲಿ, ಭೂಕಂಪವಾದ ೨೩ ವರ್ಷಗಳ ಮೇಲೆ, ಇಂತಹ ಕಟ್ಟಡಗಳನ್ನು ಬಲಪಡಿಸಲೇಬೇಕೆಂದು ಕಟ್ಟಳೆಯನ್ನು ಮಾಡಿತು. ಅದಕ್ಕಾಗಿ ಒಡೆಯರಿಗೆ ಕೊಟ್ಟಿರುವ ಅವಧಿ ೨೦ ವರ್ಷ.